ಜೇಡಕ್ಕೆ ಆರು ಕಾಲು

ಪೆನಿಯಾಮಿನನಿಗೆ ಬಸ್ಸು ಓಡಿಸುವುದು ಬಿಟ್ಟರೆ ಬೇರೇನೂ ಬರುವುದಿಲ್ಲ ಎಂದು ನಮ್ಮೂರಲ್ಲಿ ಆಡಿಕೊಳ್ಳುವವರಿದ್ದರು. ಇದು ಅನ್ಯಾಯದ ಮಾತು. ಬಸ್ಸು ಓಡಿಸುವುದೂ ಅವನಿಗೆ ಅಷ್ಟಕ್ಕಷ್ಟೇ ಬರುತ್ತಿತ್ತು. ಆದರೆ ಸವಾಯಿ ದ್ವೀಪದ ನಮ್ಮ ದಂಡೆಯಿಂದ ಹಡಗುಕಟ್ಟೆಗೆ ಹೋಗುವ ಬಸ್ಸು ಅದೊಂದೇ. ಹಾಗಾಗಿ ಎಲ್ಲರೂ ದೇವರ ಮೇಲೆ ಭಾರ ಹಾಕಿ, ಒಬ್ಬರ ತೊಡೆಯ ಮೇಲೊಬ್ಬರು ಕೂತು ಹೋಗುತ್ತಿದ್ದರು.

ಕಥೆ ಶುರುವಾದದ್ದು ಶಾಲೆಯಲ್ಲಿ ಕರೆದ ಪೋಷಕರ ಸಭೆಯಲ್ಲಿ. ಕಡಲಾಚೆಯ ಅಪಿಯಾ ಪಟ್ಟಣದಿಂದ ಹೊಸದಾಗಿ ಬಂದಿದ್ದ ಓನೊಸಾಯಿ ಟೀಚರು ಮೂರನೇ ತರಗತಿ ಮಕ್ಕಳ ತಂದೆತಾಯಿಯರನ್ನೆಲ್ಲ ದೀವಿಹಲಸಿನ ಮರದ ಕೆಳಗೆ ಕೂರಿಸಿ ಹೇಳಿದರು:

"ಇನ್ಮೇಲೆ ವಾರಕ್ಕೊಂದು ಹೋಂವರ್ಕು. ಸೋಮವಾರ ಕೊಡ್ತೀನಿ, ಶುಕ್ರವಾರ ನನ್ನ ಕೈಗೆ ಬರಬೇಕು. ಮನೇಲಿ ಯಾರಾದ್ರೂ ಒಬ್ರು ದಿನಾ ಅರ್ಧ ಗಂಟೆ ಮಗು ಪಕ್ಕ ಕೂತ್ಕೋಬೇಕು. ಕೂತ್ಕೊಂಡ್ರೆ ಸಾಕು. ನೀವು ಬರೀಬೇಡಿ."

ಕೊನೆಯ ಎರಡು ಮಾತು ಪೆನಿಯಾಮಿನನ ಕಿವಿಗೆ ಬೀಳಲಿಲ್ಲ. ಏಕೆಂದರೆ ಆ ಹೊತ್ತಿಗೆ ಅವನು ಭಾಷಣ ಮಾಡಲು ಎದ್ದು ನಿಂತು, ಗಂಟಲು ಸರಿಮಾಡಿಕೊಳ್ಳುತ್ತಿದ್ದ.

"ಟೀಚರಮ್ಮ, ನನ್ನ ಮಗಳು ಮಾತಲೇನಳ ಬಗ್ಗೆ ನೀವು ಚಿಂತೇನೇ ಮಾಡ್ಬೇಡಿ. ನಾನು ಇದೇ ಸ್ಕೂಲಲ್ಲಿ ಓದಿದೋನು. ತರಗತಿಗೇ ಮೊದಲನೆಯೋನು."

"ಹೌದಮ್ಮ, ಹೌದು," ಎಂದ ಹಿಂದಿನಿಂದ ಸೌಮಾನಿ ತಾತ. ಈ ತಾತನಿಗೆ ಶಾಲೆಗೆ ಹೋಗುವ ಮಕ್ಕಳೂ ಇಲ್ಲ, ಮೊಮ್ಮಕ್ಕಳೂ ಇಲ್ಲ. ಆದರೆ ಸಭೆ ಎಂದರೆ ಬಿಡುವವನಲ್ಲ. "ಗಂಟೆ ಹೊಡೆದ್ರೆ ಮೊದಲು ಹೊರಗೆ ಬರ್ತಿದ್ದೋನು ಇವನೇ."

ಎಲ್ಲರೂ ನಕ್ಕರು. ಪೆನಿಯಾಮಿನ ಆ ನಗುವನ್ನು ಸಹಿಸಿಕೊಂಡು, ಮಗಳನ್ನು ಹೇಗೆ ತಯಾರು ಮಾಡುತ್ತೇನೆ ನೋಡಿ ಎಂದು ಮನಸ್ಸಿನಲ್ಲೇ ಶಪಥ ಮಾಡಿದ.

ಸೋಮವಾರ ಸಂಜೆ ಪ್ರಾರ್ಥನೆ ಮುಗಿದ ಮೇಲೆ ತಂದೆ ಮಗಳು ಚಾಪೆಯ ಮೇಲೆ ಕೂತರು. ಮಾತಲೇನ ಎಂಟು ವರ್ಷದ, ಮಾತು ಕಡಿಮೆಯ ಹುಡುಗಿ. ಒಂದು ಅಂಕಿ ಬರೆಯುವ ಮೊದಲು ಅದನ್ನು ಎಲ್ಲಾ ಕಡೆಯಿಂದ ನೋಡುವವಳು. ಅವಳು ಒಂದು ಏಳು ಬರೆದು ಮುಗಿಸುವ ಹೊತ್ತಿಗೆ ಪೆನಿಯಾಮಿನನಿಗೆ ಎರಡು ಸಲ ಆಕಳಿಕೆ ಬಂತು.

"ಅಪ್ಪ," ಎಂದಳು. "ಮೂವತ್ತಮೂರರಲ್ಲಿ ಎಂಟು ಕಳೆಯುವಾಗ ಪಕ್ಕದ ಮೂರರಿಂದ ಒಂದು ತಗೋತೀವಲ್ಲ. ಕೇಳಿ ತಗೋತೀವೋ, ಹಾಗೇ ತಗೋತೀವೋ?"

ತರಗತಿಗೇ ಮೊದಲನೆಯವನು ಬಹಳ ಯೋಚಿಸಿದ.

"ಮೊದಲು ಕೈಕಾಲು ತೊಳ್ಕೊಂಡು ಬಾ."

"ತೊಳ್ಕೊಂಡಿದೀನಿ."

"ಮುಖ?"

"ಅದನ್ನೂ."

"ನೋಡು ಮಗಳೇ," ಎಂದು ಪೆನಿಯಾಮಿನ ಪುಸ್ತಕ ಮುಚ್ಚಿದ. "ಮಕ್ಕಳ ಕೆಲಸ ಬೆಳೆಯೋದು. ನೀನು ಹೋಗಿ ಬೆಳಿ. ಇದನ್ನ ನಾನು ನೋಡ್ಕೋತೀನಿ."

ಮರುದಿನ ಬೆಳಿಗ್ಗೆ ಹೋಂವರ್ಕಿನ ಪುಸ್ತಕ ಬಸ್ಸು ಹತ್ತಿತು. ಹಡಗುಕಟ್ಟೆಯಲ್ಲಿ ಹಡಗು ಎಂದಿನಂತೆ ಒಂದೂವರೆ ಗಂಟೆ ತಡ. ಪೆನಿಯಾಮಿನ ಪುಸ್ತಕವನ್ನು ಸ್ಟಿಯರಿಂಗಿನ ಮೇಲೆ ಇಟ್ಟು, ಮಗುವಿನ ಅಕ್ಷರದಂತೆ ಕಾಣಲೆಂದು ಪೆನ್ಸಿಲನ್ನು ಎಡಗೈಯಲ್ಲಿ ಹಿಡಿದು, ಮೊದಲನೇ ಪ್ರಶ್ನೆ ಗಟ್ಟಿಯಾಗಿ ಓದಿದ: ಜೇಡಕ್ಕೆ ಎಷ್ಟು ಕಾಲು?

ಗಟ್ಟಿಯಾಗಿ ಓದಿದ್ದೇ ತಪ್ಪಾಯಿತು. ಬಸ್ಸಿನಲ್ಲಿ ಮೂವತ್ತು ಜನ ಇದ್ದರು, ಮೂವತ್ತು ಜನಕ್ಕೂ ಬೇರೆ ಕೆಲಸವಿರಲಿಲ್ಲ.

"ಆರು," ಎಂದ ಸೌಮಾನಿ ತಾತ. "ಈವತ್ತು ಬೆಳಿಗ್ಗೆ ತಾನೇ ನಮ್ಮ ಬಚ್ಚಲಲ್ಲಿ ನೋಡಿದೆ. ಎದುರಾ ಎದುರು ನಿಂತಿತ್ತು."

"ಎಂಟು ಇರಬೇಕು ತಾತ," ಎಂದಳು ಹಿಂದಿನ ಸೀಟಿನ ಒಬ್ಬಳು ಹುಡುಗಿ.

"ಎಂಟು ಕಾಲಿದ್ರೆ ಒಂದಕ್ಕೊಂದು ತೊಡರಿ ಬಿದ್ದುಹೋಗಲ್ವೇನೇ?" ಎಂದಳು ಮೀನು ಮಾರುವ ಲೂಪೆ. ಲೂಪೆಗೆ ಸಮುದ್ರದಲ್ಲಿ ಇರುವ ಪ್ರಾಣಿಗಳ ವಿಷಯ ಚೆನ್ನಾಗಿ ಗೊತ್ತಿತ್ತು. ಆ ಧೈರ್ಯದ ಮೇಲೆ ಅವಳು ನೆಲದ ಮೇಲಿನವುಗಳ ಬಗ್ಗೆಯೂ ಮಾತಾಡುತ್ತಿದ್ದಳು.

ಕೊನೆಗೆ ಕೈ ಎತ್ತಿಸಿದರು. ಹತ್ತೊಂಬತ್ತಕ್ಕೆ ಹನ್ನೊಂದು ಮತಗಳಿಂದ ಜೇಡಕ್ಕೆ ಆರು ಕಾಲು ಎಂದು ತೀರ್ಮಾನವಾಯಿತು. ಪೆನಿಯಾಮಿನ ಎಡಗೈಯಲ್ಲಿ ಬರೆದುಕೊಂಡ.

ಎರಡನೇ ಪ್ರಶ್ನೆ: ಸೀನಳ ಬಳಿ ಇಪ್ಪತ್ತನಾಲ್ಕು ಮಾವಿನಹಣ್ಣು ಇವೆ. ಅರ್ಧ ತಮ್ಮನಿಗೆ ಕೊಟ್ಟಳು. ಉಳಿದದ್ದೆಷ್ಟು?

"ಯಾವೂರ ಸೀನ?" ಎಂದಳು ಲೂಪೆ.

"ಅದೆಲ್ಲ ಬರೆದಿಲ್ಲ."

"ತಮ್ಮಂಗೆ ಕೊಟ್ಳು, ಸರಿ. ಪಾದ್ರಿಗಳ ಮನೆಗೆ ಕೊಡಲ್ವಾ? ದೊಡ್ಡಮ್ಮನ ಮನೆಗೆ? ಪಕ್ಕದ ಮನೇಲಿ ಬಾಣಂತಿ ಇದ್ರೆ?"

"ಇದು ಕಣೇ ಲೆಕ್ಕ ಅಂದ್ರೆ!" ಎಂದು ಬಸ್ಸಿಗೆ ಬಸ್ಸೇ ತಲೆದೂಗಿತು. ಇದಕ್ಕೆ ಮತ ಹಾಕಿಸುವ ಅಗತ್ಯವೂ ಬೀಳಲಿಲ್ಲ. ಪೆನಿಯಾಮಿನ ಬರೆದ: 'ಏನೂ ಉಳಿಯುವುದಿಲ್ಲ. ಸೀನ ಮರ್ಯಾದಸ್ಥರ ಮನೆಯ ಹುಡುಗಿ.'

ಮೂರನೆಯದು: ಒಂದು ಕಿಲೋ ಕಲ್ಲು, ಒಂದು ಕಿಲೋ ಹತ್ತಿ, ಯಾವುದು ಭಾರ? ಅಂದು ಬಸ್ಸಿನ ಮುಂದಿನ ಸೀಟಿನಲ್ಲಿ ಸ್ವತಃ ಎಲಿಸಾರ ಪಾದ್ರಿಗಳು ಕೂತಿದ್ದರು. ಅವರು ಕಣ್ಣು ಮುಚ್ಚಿ, "ಕಲ್ಲು," ಎಂದರು. "ಸಮಾಧಿಯ ಬಾಗಿಲಿಗೆ ಉರುಳಿಸಿದ್ದು ಕಲ್ಲನ್ನು, ಹತ್ತಿಯನ್ನಲ್ಲ." ಈ ಮಾತಿನ ಮೇಲೆ ಮಾತಾಡುವ ಗಂಡಸು ನಮ್ಮೂರಲ್ಲಿ ಇನ್ನೂ ಹುಟ್ಟಿರಲಿಲ್ಲ.

ಹೀಗೆ ನಾಲ್ಕು ವಾರ ನಡೆಯಿತು. ಮೊದಲನೇ ಶುಕ್ರವಾರ ಮಾತಲೇನ ಪುಸ್ತಕ ತೆರೆದು ನೋಡಿದವಳು ಹುಬ್ಬು ಗಂಟಿಕ್ಕಿದಳು.

"ಅಪ್ಪ, ಜೇಡಕ್ಕೆ..."

"ಮೂವತ್ತು ಜನ ಹಿರಿಯರು ಕೂತು ತೀರ್ಮಾನ ಮಾಡಿದ್ದು ಮಗಳೇ. ಎದುರು ಮಾತಾಡ್ಬಾರ್ದು."

"ಟೀಚರು ಕೇಳಿದ್ರೆ?"

"ನಾನೇ ಬರೆದೆ ಅನ್ನು. ಮನೇಲಿ ಅಪ್ಪ ಪಕ್ಕ ಕೂತಿದ್ರು ಅನ್ನು."

ಮಾತಲೇನ ಹಾಗೇ ಹೇಳಿದಳು. ಓನೊಸಾಯಿ ಟೀಚರ ತರಗತಿಯಲ್ಲಿ ನಲವತ್ತಮೂರು ಮಕ್ಕಳು. ಕೊನೆಯ ಸಾಲಿನಲ್ಲಿ ಬಾಯಿ ಮುಚ್ಚಿ ಕೂರುವ ಹುಡುಗಿಯ ತಲೆಯಲ್ಲಿ ಏನಿದೆ ಎಂದು ತಿಳಿಯಲು ಅವರಿಗಿದ್ದ ದಾರಿ ಆ ಪುಸ್ತಕವೊಂದೇ. ನಾಲ್ಕನೇ ವಾರ ಅವರು ಪೆನಿಯಾಮಿನನನ್ನು ಕರೆಸಿದರು.

"ಮನಸ್ಸು ಗಟ್ಟಿ ಮಾಡ್ಕೊಳ್ಳಿ," ಎಂದು ಶುರು ಮಾಡಿದರು. "ನಿಮ್ಮ ಮಗಳ ಬುದ್ಧಿ ಬೆಳವಣಿಗೆ ಬಗ್ಗೆ ನನಗೆ ಆತಂಕ ಇದೆ. ಮೊದಲು ಈ ಅಕ್ಷರ ನೋಡಿ. ಕೈ ಹೇಗೆ ನಡುಗಿದೆ ಅಂತ. ನರದ ತೊಂದರೆ ಇರಬಹುದು."

"ಅಕ್ಷರಕ್ಕೇನಾಗಿದೆ ಟೀಚರಮ್ಮ?" ಎಂದ ಪೆನಿಯಾಮಿನ. ಅವನಿಗೆ ನಿಜವಾಗಿಯೂ ನೋವಾಗಿತ್ತು. "ಎಷ್ಟು ಕಷ್ಟಪಟ್ಟು ಬರೆದದ್ದು ಅಂತ ಕಾಣ್ತಿದೆಯಲ್ಲ!"

"ಜೇಡಕ್ಕೆ ಆರು ಕಾಲು ಅಂತ ಬರೆದಿದಾಳೆ."

"ಮತ್ತೆಷ್ಟು?"

ಟೀಚರು ಅವನ ಮುಖವನ್ನೇ ನೋಡಿದರು. ಅವರ ಕಣ್ಣಲ್ಲಿ ನೀರು ಬಂತು. "ಮಗಳನ್ನ ಬಿಟ್ಟುಕೊಡಬಾರ್ದು ಅಂತ ಜೇಡನ ಕಾಲನ್ನೇ ಮುರೀತಿದೀರ! ಇಂಥ ತಂದೆ ಎಲ್ಲರಿಗೂ ಸಿಗಲ್ಲ."

ನಿಜ ಹೇಳಲು ಅದು ಒಳ್ಳೆಯ ಸಮಯವಾಗಿತ್ತು. ಪೆನಿಯಾಮಿನ ಬಾಯಿಯನ್ನೂ ತೆರೆದ. ಅಷ್ಟರಲ್ಲಿ ಕಿಟಕಿಯಾಚೆ ಸೌಮಾನಿ ತಾತನ ಬೋಳುತಲೆಯೂ ಅದರ ಪಕ್ಕ ಲೂಪೆಯ ಮೀನಿನ ಬುಟ್ಟಿಯೂ ಕಂಡವು. ಎಡಗೈಯಲ್ಲಿ ಹೋಂವರ್ಕು ಬರೆದು ಸೊನ್ನೆ ತೆಗೆದುಕೊಂಡವನು ಎಂದು ಸಾಯುವ ತನಕ ಆಡಿಕೊಳ್ಳುತ್ತಾರೆ ಎನಿಸಿತು. ತೆರೆದ ಬಾಯಿಯಿಂದ ಒಂದು ಕೆಮ್ಮು ಹೊರಬಂತು, ಅಷ್ಟೇ.

ಸಂಜೆಯೊಳಗೆ ಸುದ್ದಿ ಅವನ ಅತ್ತೆ ಫುವಾಟಿನೋಳನ್ನು ತಲುಪಿತು. ಆಕೆ ಎರಡು ಊರು ದಾಟಿ, ಚಾಪೆ ಸಮೇತ ಬಂದಿಳಿದಳು.

"ಅಳಿಯಂದಿರೇ," ಎಂದಳು. ಆಕೆ ಬಹುವಚನ ಬಳಸಿದರೆ ಪೆನಿಯಾಮಿನನ ಹೆಂಡತಿ ವಾಯೋಲ ಕೂಡ ಹಿತ್ತಿಲ ಕಡೆ ಹೊರಟುಬಿಡುತ್ತಿದ್ದಳು. "ನಮ್ಮ ಕಡೆ ಏಳು ತಲೆಮಾರಿಂದ ದಡ್ಡರು ಅಂತ ಒಬ್ಬರಿಲ್ಲ. ಇದು ಎಲ್ಲಿಂದ ಬಂತು ಅಂತ ನಾನು ಕೇಳಲ್ಲ. ಕಣ್ಣೆದುರಿಗೇ ಕೂತಿದೆ."

ಮರುದಿನದಿಂದ ಚಿಕಿತ್ಸೆ ಶುರುವಾಯಿತು. ಬುದ್ಧಿಗೆ ಮೀನಿನ ತಲೆ ಒಳ್ಳೆಯದೆಂದು ದಿನಕ್ಕೆರಡು ತಲೆ. ಮನೆಯಲ್ಲಿ ಯಜಮಾನನಿಗೆ ಸಲ್ಲುವ ಮೀನಿನ ತಲೆಯೆಲ್ಲ ಮಗಳ ತಟ್ಟೆಗೆ ಹೋಗಿ, ಪೆನಿಯಾಮಿನನಿಗೆ ಬಾಲ ಉಳಿಯಿತು. ಮೈ ನೀವಿ ಮದ್ದು ಮಾಡುವ ಮುದುಕಿಯೊಬ್ಬಳು ಬಂದು, ಬೆಳಿಗ್ಗೆ ಸಂಜೆ ಹುಡುಗಿಯ ನೆತ್ತಿಗೆ ಕೊಬ್ಬರಿ ಎಣ್ಣೆ ತಿಕ್ಕಿ, ಬುದ್ಧಿ ಹೊರಳಿಕೊಂಡಿದೆ, ಎಡಗಡೆಗೆ ಜಾರಿದೆ ಎಂದಳು. ಎಡಗಡೆ ಎಂಬ ಮಾತಿಗೆ ಪೆನಿಯಾಮಿನ ಬೆಚ್ಚಿಬಿದ್ದ.

ಭಾನುವಾರ ಚರ್ಚಿನಲ್ಲಿ ಎಲಿಸಾರ ಪಾದ್ರಿಗಳು ಎರಡೂ ಕೈ ಮೇಲೆತ್ತಿದರು. "ಕತ್ತೆಯ ಬಾಯಲ್ಲೂ ಮಾತು ಹೊರಡಿಸಿದ ದೇವರೇ, ಪೆನಿಯಾಮಿನನ ಮಗಳು ಮಾತಲೇನಳನ್ನು ಕೈಬಿಡಬೇಡ. ಕಲ್ಲಿಗೂ ಹತ್ತಿಗೂ ವ್ಯತ್ಯಾಸ ತಿಳಿಯುವ ವಿವೇಕ ಕೊಡು." ಇಡೀ ಚರ್ಚು ಕಣ್ಣೊರೆಸಿಕೊಂಡಿತು. ಬಿಳಿ ಅಂಗಿ ತೊಟ್ಟು, ತಲೆಯಿಂದ ಎಣ್ಣೆ ಇಳಿಸಿಕೊಂಡು ಕೂತಿದ್ದ ಮಾತಲೇನ ಅಪ್ಪನ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದಳು.

ಬಸ್ಸಿನಲ್ಲಿ ಮಾತ್ರ ಬೇರೆಯೇ ವಿಚಾರಣೆ ನಡೆಯುತ್ತಿತ್ತು.

"ನನ್ನ ಜೇಡ ಸರಿಯಾಗೇ ಇತ್ತು," ಎಂದ ಸೌಮಾನಿ ತಾತ. "ಮಗು ಹಾಳಾಗಿದ್ದು ನಿನ್ನ ಮಾವಿನಹಣ್ಣಿಂದ."

"ನನ್ನ ಹಣ್ಣಿಗೇನಾಗಿತ್ತು?" ಎಂದಳು ಲೂಪೆ. "ಬಚ್ಚಲಲ್ಲಿ ಜೇಡ ನೋಡಿದೋನು ನೀನು. ನಿನಗೆ ಬಚ್ಚಲಲ್ಲಿ ನೀನೇ ಕಾಣಲ್ಲ!"

"ಬಾಯಿ ಮುಚ್ಚಿ, ಇಬ್ರೂ," ಎಂದ ಪೆನಿಯಾಮಿನ. "ಇದು ಈ ಬಸ್ಸು ಬಿಟ್ಟು ಹೊರಗೆ ಹೋಗಬಾರ್ದು." ಎಲ್ಲರೂ ಆಣೆ ಮಾಡಿದರು. ಅವರವರ ಮಾನವೂ ಅದೇ ಪುಸ್ತಕದಲ್ಲಿ ಇತ್ತಲ್ಲ.

ಅಷ್ಟರಲ್ಲಿ ಟೀಚರು ಕಳಿಸಿದ್ದ ವರದಿಗೆ ಅಪಿಯಾದ ಶಿಕ್ಷಣ ಇಲಾಖೆಯಿಂದ ಕಾಗದ ಬಂತು. ಗುರುವಾರ ಅಧಿಕಾರಿಗಳು ಬಂದು ಮಗುವನ್ನು ಪರೀಕ್ಷೆ ಮಾಡುತ್ತಾರೆ. ಟೀಚರು ಬರೆದದ್ದು ನಿಜವೆಂದು ಕಂಡರೆ ಮಗುವನ್ನು ಅಪಿಯಾದ ವಿಶೇಷ ಶಾಲೆಗೆ ಸೇರಿಸಬೇಕು. ಅಲ್ಲೇ ನೆಂಟರ ಮನೆಯಲ್ಲಿದ್ದು, ಎರಡು ಮೂರು ತಿಂಗಳಿಗೊಮ್ಮೆ ಊರಿಗೆ ಬರಬಹುದು.

ವಾಯೋಲ ಕಾಗದ ಓದಿ, ಒಲೆ ಮುಂದೆ ಕೂತು ಅತ್ತಳು. ಮಾತಲೇನ ಅಳಲಿಲ್ಲ. ಅಪ್ಪನ ಪಕ್ಕ ಬಂದು ಕೂತಳು.

"ಅಪ್ಪ, ಅಪಿಯಾಕ್ಕೆ ನಿನ್ನ ಬಸ್ಸಲ್ಲೇ ಹೋಗೋದಾ?"

"ಹ್ಞೂಂ. ಹಡಗುಕಟ್ಟೆವರೆಗೆ."

"ಆಮೇಲೆ?"

"ಆಮೇಲೆ ಹಡಗು."

"ನೀನು ಹಡಗು ಹತ್ತಲ್ಲ?"

"ಬಸ್ಸು ವಾಪಸ್ ತರಬೇಕಲ್ಲ ಮಗಳೇ."

ಅವಳು ತನ್ನ ತಟ್ಟೆಯಲ್ಲಿದ್ದ ಮೀನಿನ ಕಣ್ಣನ್ನು ತೆಗೆದು ಅವನ ಬಾಯಿಗಿಟ್ಟಳು. ಪೆನಿಯಾಮಿನ ಅದನ್ನು ಅಗಿದು ನುಂಗಿದ. ಹೆಂಡತಿಗೆ ಎಲ್ಲ ಹೇಳಿಬಿಡೋಣವೆಂದು ಎದ್ದ. ವಾಯೋಲಳ ಪಕ್ಕದಲ್ಲಿ ಅತ್ತೆ ಕೂತಿದ್ದಳು. ಮತ್ತೆ ಕೂತ.

ಗುರುವಾರ ಬಂದ ಅಧಿಕಾರಿಣಿಯ ಹೆಸರು ಫಿಲೋಮೆನ. ಎತ್ತರದ ಹೆಂಗಸು, ಕನ್ನಡಕ, ಕಂಕುಳಲ್ಲಿ ಕಡತ. ಪರೀಕ್ಷೆ ಗುಟ್ಟಾಗಿ ನಡೆಯಬೇಕು ಎಂದು ಆಕೆ ಹೇಳಿದ್ದರಿಂದ ಊರಿನವರು ಯಾರೂ ಕೋಣೆಯೊಳಗೆ ಬರಲಿಲ್ಲ. ಎಲ್ಲರೂ ಕಿಟಕಿಗಳಲ್ಲಿ ನಿಂತರು. ಒಳಗೆ ಮಾತಲೇನ, ತಂದೆ ತಾಯಿ, ಅಜ್ಜಿ, ಟೀಚರು, ಮತ್ತು ದೇವರ ಪರವಾಗಿ ಪಾದ್ರಿಗಳು.

"ಹೆದರ್ಬೇಡ ಪುಟ್ಟಿ," ಎಂದರು ಫಿಲೋಮೆನ ಮೇಡಂ. "ಪುಸ್ತಕದಲ್ಲಿ ಇರೋದನ್ನೇ ಕೇಳ್ತೀನಿ. ಜೇಡಕ್ಕೆ ಎಷ್ಟು ಕಾಲು?"

ಮಾತಲೇನ ಅಪ್ಪನ ಮುಖ ನೋಡಿದಳು. ಕಿಟಕಿಯಲ್ಲಿದ್ದ ಜನರನ್ನು ನೋಡಿದಳು. ಮೇಡಂ ಕೈಯಲ್ಲಿದ್ದ ಪುಸ್ತಕ ನೋಡಿದಳು.

"ಆರು."

ಮೇಡಂ ಕಡತದಲ್ಲಿ ಏನೋ ಬರೆದುಕೊಂಡರು.

"ಸೀನಳ ಹತ್ತಿರ ಇಪ್ಪತ್ತನಾಲ್ಕು ಹಣ್ಣು. ಅರ್ಧ ತಮ್ಮನಿಗೆ. ಉಳಿದದ್ದು?"

"ಏನೂ ಉಳಿಯಲ್ಲ," ಎಂದಳು ಮಾತಲೇನ. ಪಾಠ ಒಪ್ಪಿಸುವ ದನಿಯಲ್ಲಿ ಸೇರಿಸಿದಳು, "ಸೀನ ಮರ್ಯಾದಸ್ಥರ ಮನೆಯ ಹುಡುಗಿ."

ಕಿಟಕಿಯಲ್ಲಿ ಲೂಪೆ ಸೆರಗಿಲ್ಲದ ಕಾರಣ ಬುಟ್ಟಿಯಲ್ಲೇ ಮುಖ ಮುಚ್ಚಿಕೊಂಡಳು. ಮೇಡಂ ಮತ್ತೆ ಬರೆದರು. ಆ ಪೆನ್ನಿನ ಸದ್ದು ಪೆನಿಯಾಮಿನನಿಗೆ ಹಡಗಿನ ಲಂಗರು ಎತ್ತುವ ಸದ್ದಿನಂತೆ ಕೇಳಿತು. ಹುಡುಗಿಗೆ ಎಲ್ಲ ಗೊತ್ತು ಎಂಬುದು ಆಗ ಅವನಿಗೆ ಹೊಳೆಯಿತು. ಗೊತ್ತಿದ್ದೇ ಹೇಳುತ್ತಿದ್ದಾಳೆ.

"ಕೊನೇದು. ಒಂದು ಕಿಲೋ ಕಲ್ಲು, ಒಂದು ಕಿಲೋ ಹತ್ತಿ..."

"ಕಲ್..."

"ಎಂಟು!" ಎಂದು ಪೆನಿಯಾಮಿನ ಕಿರುಚಿದ. ಮೇಜು ಅಲುಗಿತು. "ಎಂಟು ಅನ್ನು ಮಗಳೇ! ನಿಂಗೆ ಗೊತ್ತು, ಹೇಳು!"

"ಅಪ್ಪ, ನೀನೇ ಆರು ಅಂದೆ."

"ನಾನು ಕತ್ತೆ ಕಣೇ! ಮೇಡಂ, ಒಂದಕ್ಷರಾನೂ ಅವಳದ್ದಲ್ಲ. ಎಲ್ಲ ನಾನು ಬರೆದದ್ದು. ಬಸ್ಸಲ್ಲಿ. ಎಡಗೈಲಿ."

ಅತ್ತೆ ಫುವಾಟಿನೋಳ ಬಾಯಿ, ಆಕೆಯ ಮದುವೆಯಾದಂದಿನಿಂದ ಮೊದಲ ಬಾರಿಗೆ, ತೆರೆದದ್ದು ಮಾತಿಲ್ಲದೆ ಹಾಗೇ ನಿಂತಿತು. ಮೇಡಂ ಒಂದು ಹಾಳೆ ಮುಂದಿಟ್ಟರು.

"ಬಲಗೈಲಿ ಬರೀರಿ, ನೋಡೋಣ."

ಪೆನಿಯಾಮಿನ ಬೆವರುತ್ತ ತನ್ನ ಹೆಸರು ಬರೆದ. ಮೇಡಂ ಹಾಳೆಯನ್ನೂ ಪುಸ್ತಕವನ್ನೂ ಪಕ್ಕಪಕ್ಕ ಇಟ್ಟು, ಕನ್ನಡಕ ಏರಿಸಿ, ಇಳಿಸಿ ನೋಡಿದರು.

"ಯಾವ ಕೈ ಆದ್ರೂ ಒಂದೇ. ನೀವೇ, ಸಂಶಯವಿಲ್ಲ."

ಒಬ್ಬನೇ ಸಿಕ್ಕಿಬಿದ್ದದ್ದನ್ನು ನೋಡಿ ಊರಿನವರ ಕರುಳು ತಡೆಯಲಿಲ್ಲ. "ಮಾವಿನಹಣ್ಣು ನಂದು ಮೇಡಂ," ಎಂದಳು ಲೂಪೆ ಕಿಟಕಿಯಿಂದ. "ಆದ್ರೆ ಈಗಲೂ ಹೇಳ್ತೀನಿ, ಅದು ತಪ್ಪಲ್ಲ." "ಜೇಡ ನಂದು," ಎಂದ ಸೌಮಾನಿ ತಾತ. "ಅದಕ್ಕೆ ಎರಡು ಕಾಲು ಮುರಿದಿತ್ತೋ ಏನೋ, ನಾನು ವಿಚಾರಿಸಲಿಲ್ಲ."

"ಹಾಗಾದ್ರೆ ಕಲ್ಲು ಭಾರ ಅಂದದ್ದು ಯಾರು?" ಎಂದರು ಮೇಡಂ.

ಇಡೀ ಊರು ಆಕಾಶ ನೋಡಿತು. ಎಲಿಸಾರ ಪಾದ್ರಿಗಳು ಮೇಲಿನ ಜಂತಿಗಳನ್ನು ಒಂದೊಂದಾಗಿ ಎಣಿಸತೊಡಗಿದರು. ಮೇಡಂ ಅವರನ್ನು ನೋಡಿದರು, ಆ ಪ್ರಶ್ನೆಯನ್ನು ಅಲ್ಲಿಗೇ ಬಿಟ್ಟು, ಮಾತಲೇನಳ ಕಡೆ ತಿರುಗಿದರು.

"ಈಗ ನೀನು ಹೇಳು."

"ಎಂಟು. ಹನ್ನೆರಡು. ಎರಡೂ ಒಂದೇ ಭಾರ," ಎಂದಳು ಮಾತಲೇನ ಒಂದೇ ಉಸಿರಿಗೆ. ಓನೊಸಾಯಿ ಟೀಚರು ಕುರ್ಚಿಯಲ್ಲಿ ಕುಸಿದರು.

"ಗೊತ್ತಿದ್ದೂ ಯಾಕೆ ತಪ್ಪು ಹೇಳಿದೆ ಪುಟ್ಟಿ?"

"ನೀವು ಅಪ್ಪಂಗೆ ಬೈತೀರೇನೋ ಅಂತ."

ಫಿಲೋಮೆನ ಮೇಡಂ ಕನ್ನಡಕ ತೆಗೆದು ಒರೆಸಿದರು. ಒರೆಸಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಒರೆಸಿದರು.

"ಈಗ ಬೈಯಲಾ?"

ಮಾತಲೇನ ಅಪ್ಪನನ್ನು ಎಲ್ಲಾ ಕಡೆಯಿಂದ ನೋಡಿದಳು.

"ಸ್ವಲ್ಪ ಬೈಬಹುದು."

ಮೇಡಂ ಸ್ವಲ್ಪವೇ ಬೈದರು. ಉಳಿದದ್ದನ್ನು ಅತ್ತೆ ಫುವಾಟಿನೋ ವಹಿಸಿಕೊಂಡು ಶನಿವಾರದವರೆಗೆ ನಡೆಸಿದಳು. ಮಗು ಎಲ್ಲಿಗೂ ಹೋಗಬೇಕಾಗಿಲ್ಲ ಎಂದು ಮೇಡಂ ಕಡತದಲ್ಲಿ ಬರೆದರು. ತಂದೆಯ ವಿಷಯಕ್ಕೆ ಬಂದಾಗ ಮೇಡಂ ಒಂದು ನಿಮಿಷ ಪೆನ್ನು ಕಚ್ಚಿ, "ಇವರು ದಿನಾ ಅರ್ಧ ಗಂಟೆ ಮಗಳ ಪಕ್ಕ ಸುಮ್ಮನೆ ಕೂರತಕ್ಕದ್ದು" ಎಂದು ಬರೆದು, 'ಸುಮ್ಮನೆ' ಎಂಬ ಪದದ ಕೆಳಗೆ ಎರಡು ಗೆರೆ ಎಳೆದರು.

ಸೋಮವಾರ ಸಂಜೆ ಪೆನಿಯಾಮಿನ ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಚಾಪೆಯ ಮೇಲೆ ಕೂತ. ಇಪ್ಪತ್ತು ವರ್ಷ ಬಸ್ಸು ಓಡಿಸಿದವನಿಗೆ ಇಷ್ಟು ಕಷ್ಟದ ಕೆಲಸ ಬಿದ್ದಿರಲಿಲ್ಲ. ಮಾತಲೇನ ಬರೆದಳು, ಅಳಿಸಿದಳು, ಪೆನ್ಸಿಲ್ ಚೂಪು ಮಾಡಿದಳು, ಮತ್ತೆ ಬರೆದಳು. ಬಾಯಿಗೆ ಬಂದ ಮಾತನ್ನೆಲ್ಲ ಅವನು ನುಂಗಿದ. ನಮ್ಮ ಮನೆಗಳಿಗೆ ಕಂಬ, ಸೂರು ಬಿಟ್ಟರೆ ಗೋಡೆಗಳಿಲ್ಲದ ಕಾರಣ, ಹಾದುಹೋಗುವವರೆಲ್ಲ ಪೆನಿಯಾಮಿನ ಸುಮ್ಮನೆ ಕೂತಿರುವ ಅದ್ಭುತವನ್ನು ನಿಂತು ನೋಡಿಯೇ ಹೋದರು.

ಮಾತಲೇನ ಕೊನೆಯ ಲೆಕ್ಕವನ್ನು ಮೆಲ್ಲಗೆ ಓದಿಕೊಂಡಳು: "ಏಳು ಬುಟ್ಟಿ, ಬುಟ್ಟಿಗೆ ಆರು ಕೆಸುವಿನ ಗೆಡ್ಡೆ. ಒಟ್ಟು ಎಷ್ಟು?"

"ನಲವತ್ತೆರಡು!" ಎಂಬ ಪಿಸುಮಾತು ದಾಸವಾಳದ ಬೇಲಿಯೊಳಗಿಂದ ಬಂತು.

ಪೆನಿಯಾಮಿನನ ಬಲಗೈ ತೊಡೆಯ ಕೆಳಗಿನಿಂದ ತಾನಾಗಿಯೇ ಹೊರಬಂದು, ಚಪ್ಪಲಿ ಹುಡುಕಿ, ಬೇಲಿಯ ಕಡೆಗೆ ಬೀಸಿತು. ಎಲೆಗಳ ನಡುವೆ ಯಾರೋ "ಅಯ್ಯೋ" ಎಂದರು.

"ಸೌಮಾನಿ! ನನ್ನ ಮಗಳ ತಲೆ ಕೆಡಿಸಿದ್ದು ಸಾಕಾಗಿಲ್ವೇನಯ್ಯಾ?"

ಮಾತಲೇನ ಬೆರಳು ಮಡಿಸಿ, ಬಿಡಿಸಿ, ಮತ್ತೆ ಮಡಿಸಿ ಎಣಿಸಿದಳು. ತಲೆ ಎತ್ತದೆಯೇ ಹೇಳಿದಳು:

"ಅಪ್ಪ, ತಾತ ಹೇಳಿದ್ದು ಸರಿ."

ದಾಸವಾಳದ ಹೂಗಳ ನಡುವಿನಿಂದ ಸೌಮಾನಿ ತಾತನ ಬೋಳುತಲೆ ನಿಧಾನವಾಗಿ ಮೇಲೆದ್ದಿತು.

"ಸರೀನಾ? ನಾನು ಹೇಳಿದ್ದಾ? ಮಗೂ, ನಿನ್ನ ದಮ್ಮಯ್ಯ, ಅಲ್ಲೇ ಇರು, ಅಳಿಸ್ಬೇಡ. ನಾನು ಓಡಿಹೋಗಿ ಲೂಪೆನ ಕರ್ಕೊಂಡು ಬರ್ತೀನಿ. ಅವಳೆದುರಿಗೆ ಇನ್ನೊಂದು ಸಲ ಹೇಳು."